ಅಪ್‌ಡೇಟ್: ಎಪಾಕ್ಸಿ ವಿಸ್ಕಾಸಿಟಿ ಮಾಡೆಲ್ ಕೊನೆಗೂ ದಾರಿಗೆ ಬಂತು

ಎಪಾಕ್ಸಿ ರೆಸಿನ್ ಎಷ್ಟು ಮಂದ ಅಂತ ಹೇಳುವ ನನ್ನ ಮಾಡೆಲ್‌ನ ಗೆರೆ, 60, 70, 80 ಡಿಗ್ರಿಯಲ್ಲಿ ತಾಪಮಾನ ಬದಲಿಸದೆ ಮಾಡಿದ ಅಳತೆಗಳಿಗೆ ಚೆನ್ನಾಗಿ ಕೂರುತ್ತದೆ, ಬಿಸಿ ಏರಿಸುತ್ತಾ ಹೋದರೆ ಮಾತ್ರ ಯಾಕೆ ದಿಕ್ಕು ತಪ್ಪುತ್ತದೆ ಅಂತ ಕೇಳಿದ್ದೆನಲ್ಲ? ಕಾರಣ ಸಿಕ್ಕಿತು. ತಪ್ಪು ನನ್ನದೇ.

ನಾನು ಸ್ನಿಗ್ಧತೆಯನ್ನು (ವಿಸ್ಕಾಸಿಟಿ, ಅಂದರೆ ದ್ರವದ ಮಂದತನ) ನೇರವಾಗಿ ಸಮಯಕ್ಕೆ ಕಟ್ಟಿಹಾಕಿದ್ದೆ. ತಾಪಮಾನ ಒಂದೇ ಇದ್ದರೆ ಅದು ನಡೆಯುತ್ತದೆ. ಏರುವಾಗ ಹಗ್ಗ ಜಗ್ಗಾಟ: ಬಿಸಿಗೆ ರೆಸಿನ್ ತೆಳ್ಳಗಾಗುತ್ತದೆ, ಕ್ಯೂರ್ ಆಗುತ್ತಾ, ಅಂದರೆ ಅಣುಗಳು ಒಂದಕ್ಕೊಂದು ಬೆಸೆಯುತ್ತಾ, ಗಟ್ಟಿಯಾಗುತ್ತದೆ. ನೀವು ಹೇಳಿದಂತೆ ಎರಡನ್ನೂ ಬೇರೆ ಮಾಡಿದೆ. ಡಿಎಸ್‌ಸಿ (ಕ್ಯೂರ್ ಆಗುವಾಗ ಹೊರಬರುವ ಶಾಖ ಅಳೆಯುವ ಪರೀಕ್ಷೆ) ಡೇಟಾಗೆ ಕ್ಯೂರ್ ವೇಗದ ಕಮಾಲ್ ಸಮೀಕರಣ ಹೊಂದಿಸಿ, ಯಾವ ಕ್ಷಣಕ್ಕೆ ಎಷ್ಟು ಕ್ಯೂರ್ ಆಗಿದೆ ಅಂತ ಲೆಕ್ಕ ಹಾಕಿದೆ. ಅದನ್ನು, ಕ್ಯೂರ್ ಮತ್ತು ತಾಪಮಾನದಿಂದ ವಿಸ್ಕಾಸಿಟಿ ಹೇಳುವ ಕ್ಯಾಸ್ಟ್ರೋ-ಮಕೊಸ್ಕೊ ಮಾಡೆಲ್‌ಗೆ ಕೊಟ್ಟೆ.

ಆದರೂ ಜೆಲ್ (ರೆಸಿನ್ ಹರಿಯುವುದು ನಿಲ್ಲುವ ಹಂತ) ಹತ್ತಿರ ಕೈಕೊಟ್ಟಿತು! ನೋಡಿದರೆ, ಜೆಲ್ ಆಗುವ ಕ್ಯೂರ್ ಮಟ್ಟವನ್ನೂ ಸಾಫ್ಟ್‌ವೇರ್ ಕೈಗೇ ಬಿಟ್ಟಿದ್ದೆ. ಅದು ಸುಮ್ನೆ 0.81 ಅಂತ ಕೊಟ್ಟಿತ್ತು. ನನ್ನದು ಎರಡು ಎಪಾಕ್ಸಿ ಗುಂಪಿನ ರೆಸಿನ್, ನಾಲ್ಕು ಹೈಡ್ರೋಜನ್ ಇರುವ ಡೈಅಮೈನ್, ಸರಿಯಾದ ಅನುಪಾತ. ಫ್ಲೋರಿ-ಸ್ಟಾಕ್‌ಮೇಯರ್ ಲೆಕ್ಕಕ್ಕೆ (ಎಷ್ಟು ಬೆಸೆದರೆ ಜೆಲ್ ಆಗುತ್ತದೆ ಎನ್ನುವ ಸಿದ್ಧಾಂತ) ಅದು 1/√3, ಅಂದರೆ ಸುಮಾರು 0.58 ಬರಬೇಕು. ರಿಯೋಮೀಟರ್‌ನಲ್ಲಿ ನಾಲ್ಕು ಫ್ರೀಕ್ವೆನ್ಸಿಯ ಟ್ಯಾನ್ ಡೆಲ್ಟಾ (ದ್ರವದ ಗುಣಕ್ಕೂ ಘನದ ಗುಣಕ್ಕೂ ಇರುವ ಅನುಪಾತ) ಗೆರೆಗಳು ಒಂದೇ ಕಡೆ ಸೇರಿದ್ದು 0.6ರ ಆಸುಪಾಸಿನಲ್ಲಿ. ಆ ಮಟ್ಟವನ್ನೇ ಮಾಡೆಲ್‌ನಲ್ಲಿ ಖಾಯಂ ಮಾಡಿಕೊಂಡೆ.

ಇನ್ನೊಂದು, ಫಿಟ್ ಮಾಡಿದ್ದು ವಿಸ್ಕಾಸಿಟಿಯ ಲಾಗ್‌ಗೆ. ಮೊದಲು ಕೊನೆಯ ದೊಡ್ಡ ಅಂಕಿಗಳೇ ಜಾಸ್ತಿ ಜಗ್ಗಿ, ರೆಸಿನ್ ಹರಿಯುವ ಶುರುವಿನ ಭಾಗವನ್ನು ನುಂಗಿಬಿಡುತ್ತಿದ್ದವು. ನನಗೆ ಬೇಕಿದ್ದದ್ದು ಅದೇ ಭಾಗ ಅಲ್ವಾ!

ದಪ್ಪ ಲ್ಯಾಮಿನೇಟ್ (ರೆಸಿನ್‌ನಿಂದ ಬೆಸೆದ ಪದರಗಳ ಹಲಗೆ) ಕ್ಯೂರ್ ಆಗುವಾಗ ತನ್ನದೇ ಶಾಖದಿಂದ ಬಿಸಿಯೇರುವುದನ್ನು ಇನ್ನೂ ಸೇರಿಸಿಲ್ಲ. ಮುಂದಿನ ವಾರ ಅದರ ಸರದಿ.