ವೀಣೆ ಕಲಿತ ಕೈಗೆ ಸಿಟರ್ನ್ ಒಗ್ಗುತ್ತಾ, ಆರ್ಫೇರಿಯನ್ ಒಗ್ಗುತ್ತಾ?

ಕೇಳಿದವರು: ಚಿಕ್ಕಂದಿನಲ್ಲಿ ವೀಣೆ ಕಲಿತಿದ್ದೆ. ಈಗ ಇಂಗ್ಲೆಂಡ್‌ನಲ್ಲಿ, ಮೊದಲನೇ ಎಲಿಜಬೆತ್ ಕಾಲದ ಸಂಗೀತ ನುಡಿಸುವ ಸಣ್ಣ ಗುಂಪಿಗೆ ಸೇರಿದ್ದೇನೆ. ಆ ಕಾಲದ ತಂತಿವಾದ್ಯ ಲ್ಯೂಟ್‌ನ ಕರುಳಿನ ತಂತಿ ಕೈಗೆ ಹಿಡಿಸಲಿಲ್ಲ. ಲೋಹದ ತಂತಿಯದೇ ಬೇಕು, ಅಂದರೆ ಅದೇ ಕಾಲದ ಸಿಟರ್ನ್ ಅಥವಾ ಆರ್ಫೇರಿಯನ್. ಯಾವುದು ಕೊಳ್ಳಲಿ?

ಉತ್ತರ 1: ಗುಂಪಿಗಾದರೆ ಸಿಟರ್ನ್. ಸಂಗೀತ ರಚನೆಕಾರ ಥಾಮಸ್ ಮಾರ್ಲಿ 1599ರಲ್ಲಿ ಅಚ್ಚು ಹಾಕಿಸಿದ, ಗುಂಪಿನಲ್ಲಿ ನುಡಿಸುವ ಕೃತಿಗಳಿಗೆ ಬೇಕಾದ ಆರು ವಾದ್ಯಗಳಲ್ಲಿ ಅದೂ ಒಂದು. ಆಗ ಕ್ಷೌರದಂಗಡಿಗಳಲ್ಲೂ ಸಿಟರ್ನ್ ಇರುತ್ತಿತ್ತು, ಸರದಿ ಕಾಯುವವರು ಸುಮ್ನೆ ನುಡಿಸಲಿ ಅಂತ. ನಮ್ಮಲ್ಲಿ ಪೇಪರ್ ಇಡುತ್ತಾರಲ್ಲ, ಹಾಗೆ. ಆದರೆ ಶ್ರುತಿ ವಿಚಿತ್ರ. ನಾಲ್ಕು ಜೋಡಿ ತಂತಿ: ಇ, ಡಿ, ಜಿ, ಬಿ. ಮೂರನೆಯದೇ ಎಲ್ಲಕ್ಕಿಂತ ತಗ್ಗು, ನಾಲ್ಕನೆಯದು ಮತ್ತೆ ಮೇಲೇರುತ್ತದೆ. ಮಂದ್ರ ಅಂತ ನಾಲ್ಕನೆಯದಕ್ಕೆ ಕೈ ಹಾಕಿ ಎಷ್ಟು ಸಲ ಬೇಸ್ತು ಬಿದ್ದೆನೋ!

ಉತ್ತರ 2: ನನ್ನ ತಪ್ಪು ನೀವು ಮಾಡಬೇಡಿ. ಹೊಸ ತಂತಿ ಹಾಕೋಣ ಅಂತ ಎಂಟನ್ನೂ ಒಟ್ಟಿಗೆ ಬಿಚ್ಚಿದೆ. ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ತುಂಡು, ಟಪ್ ಅಂತ ಕೈಗೇ ಬಂತು! ಸಿಟರ್ನ್‌ನಲ್ಲಿ ಅದನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ಸರಿಯಾದ ಜಾಗಕ್ಕೆ ಕೂರಿಸುವಷ್ಟರಲ್ಲಿ ಒಂದು ಸಂಜೆ ಹೋಯಿತು. ಒಂದೊಂದೇ ತಂತಿ ಬದಲಾಯಿಸಿ, ಹಳೇ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಡಿ. ಗಿಟಾರಿನ ದಪ್ಪ ಸ್ಟೀಲ್ ತಂತಿಯಂತೂ ಬೇಡವೇ ಬೇಡ. ಇದಕ್ಕೆ ತೆಳ್ಳಗಿನ ಕಬ್ಬಿಣ, ಹಿತ್ತಾಳೆ ತಂತಿ ಸಾಕು.

ಉತ್ತರ 3: ಮನೆಯಲ್ಲಿ ಒಬ್ಬರೇ ನುಡಿಸುವುದು ಜಾಸ್ತಿಯಾದರೆ ನನ್ನ ಓಟು ಆರ್ಫೇರಿಯನ್‌ಗೆ. ಶ್ರುತಿ ಲ್ಯೂಟ್‌ನದೇ, ಹಾಗಾಗಿ ಲ್ಯೂಟ್ ಪುಸ್ತಕಗಳೆಲ್ಲ ನೇರ ಉಪಯೋಗಕ್ಕೆ ಬರುತ್ತವೆ. ಸ್ವರಕ್ಕೆ ತಂತಿ ಒತ್ತುವ ಮೆಟ್ಟಿಲುಗಳು ಓರೆಯಾಗಿರುತ್ತವೆ, ಮಂದ್ರದ ತಂತಿಗೆ ಉದ್ದ ಸಿಗಲಿ ಅಂತ. ಇದರ ಅಣ್ಣ ಬಂಡೋರಾ, 1562ರಲ್ಲಿ ಲಂಡನ್‌ನ ಜಾನ್ ರೋಸ್ ಮಾಡಿದ್ದು ಅನ್ನುತ್ತಾರೆ. ಅದು ಇನ್ನೂ ತಗ್ಗು.

ವೀಣೆಯವರಿಗೆ ತೊಂದರೆ ಬೇರೆ ಕಡೆ ಇದೆ. ಜೋರಾಗಿ ಮೀಟಿದರೆ ಜೋಡಿ ತಂತಿಗಳು ಒಂದಕ್ಕೊಂದು ತಾಗಿ ಝರ್ ಅನ್ನುತ್ತವೆ. 1596ರಲ್ಲೇ ವಿಲಿಯಂ ಬಾರ್ಲಿ ತನ್ನ ಪುಸ್ತಕದಲ್ಲಿ ಹೇಳಿದ್ದಾನೆ: ಆರ್ಫೇರಿಯನ್ ಮೇಲೆ ಬೆರಳು ಮೆಲ್ಲಗೆ ಎಳೆಯಬೇಕು. ಅದು ಹೇಗೋ ಬಂದೀತು. ನನಗೆ ಬಿಡಲಾಗದ್ದು ಎಡಗೈ ಚಾಳಿ. ಗೊತ್ತಿಲ್ಲದೆ ತಂತಿ ಪಕ್ಕಕ್ಕೆ ಎಳೆದು ಗಮಕ ಹಾಕಿಬಿಡುತ್ತೇನೆ, ಜೋಡಿಯ ಎರಡೂ ಒಂದೊಂದು ದಾರಿ ಹಿಡಿಯುತ್ತವೆ.

ಕೇಳಿದವರು: ಅಯ್ಯೋ, ಆ ಚಾಳಿ ನನಗೂ ಇದೆ! ಸದ್ಯಕ್ಕೆ ಗುಂಪಿನಲ್ಲೊಬ್ಬರ ಸಿಟರ್ನ್ ಒಂದು ತಿಂಗಳಿಗೆ ತರುತ್ತೇನೆ. ಪೆನ್ಸಿಲ್ ಗುರುತು ಇವತ್ತೇ ಹಾಕಿಸುತ್ತೇನೆ.