ಕಾಫ್ಕಾ, ಲೆವಿ, ಅರೆಂಟ್: ಯಾರಿಂದ ಶುರು ಮಾಡಲಿ?

ಪ್ರಶ್ನೆ: ಯಹೂದಿ ಲೇಖಕರನ್ನು ಓದಬೇಕು ಅಂತಿದ್ದೇನೆ. ಸಂಜೆ ಒಂದು ಗಂಟೆ ಬಿಡುವು ಸಿಗುತ್ತದೆ. ಮೊದಲು ಯಾರನ್ನು ಓದಲಿ?

ಮೈಸೂರಿನಿಂದ: ರಾಜಕೀಯ ಚಿಂತಕಿ ಹನ್ನಾ ಅರೆಂಟ್‌ರಿಂದ ಶುರು ಮಾಡಿ ಕೈ ಸುಟ್ಟುಕೊಂಡವಳು ನಾನು. ಸರ್ವಾಧಿಕಾರದ ಬಗ್ಗೆ 1951ರಲ್ಲಿ ಬಂದ ಆ ದಪ್ಪ ಪುಸ್ತಕ. 899 ರೂಪಾಯಿ, ಕೊರಿಯರ್‌ಗೆ ಮತ್ತೆ 60. ಐದು ತಿಂಗಳಿಗೆ 140 ಪುಟ ಆಯ್ತು. ಆಮೇಲೆ ಪ್ರಿಮೊ ಲೆವಿ ಸಿಕ್ಕರು. ಇಟಲಿಯ ಟ್ಯೂರಿನ್‌ನ ಕೆಮಿಸ್ಟ್. 1944ರಲ್ಲಿ ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಜ್‌ಗೆ ಒಯ್ದು ತೋಳಿಗೆ 174517 ಅಂತ ಹಚ್ಚೆ ಹಾಕಿದರು. ಅಲ್ಲಿ ಜೊತೆಗಾರನೊಂದಿಗೆ ಸೂಪ್ ತರಲು ನಡೆಯುತ್ತಾ ಇಟಲಿಯ ಹಳೆಯ ಕವಿ ಡಾಂಟೆಯ ಪದ್ಯ ಹೇಳಿಕೊಡುತ್ತಾರೆ. ನಡುವೆ ಸಾಲು ಮರೆತುಹೋಗುತ್ತದೆ. ಅದು ನೆನಪಾದರೆ ಇವತ್ತಿನ ಸೂಪನ್ನೇ ಕೊಟ್ಟೇನು ಅಂತಾರೆ. ಹಸಿದು ಸಾಯುತ್ತಿದ್ದವರ ಮಾತು! ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಧಾರವಾಡದಿಂದ: ದಪ್ಪ ಪುಸ್ತಕ ತಗೊಂಡಿದ್ದು ನಿಮ್ಮ ತಪ್ಪು, ಅರೆಂಟ್‌ರದ್ದಲ್ಲ. ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ನಾಜಿ ಅಧಿಕಾರಿ ಐಕ್‌ಮನ್ ವಿಚಾರಣೆಯ ಮೇಲೆ ಅವರು 1963ರಲ್ಲಿ ತಂದದ್ದನ್ನು ನಾನು ಮೂರು ಸಲ ಓದಿದ್ದೇನೆ, ಕೊನೆಯ ಸಲ ಪೆನ್ಸಿಲ್ ಹಿಡಿದು. ಅಷ್ಟು ಜನರನ್ನು ಸಾವಿಗೆ ಸಾಗಿಸಿದವನು ರಾಕ್ಷಸನಲ್ಲ, ಯೋಚನೆ ಮಾಡದ ಅಧಿಕಾರಿ ಅಂದರು. ಹಳೆಯ ಗೆಳೆಯ, ಯಹೂದಿ ವಿದ್ವಾಂಸ ಗೆರ್ಶೋಮ್ ಶೋಲೆಮ್ ಕೂಡ, ನಿಮಗೆ ನಮ್ಮ ಜನರ ಮೇಲೆ ಪ್ರೀತಿಯಿಲ್ಲ ಅಂತ ಕಾಗದ ಬರೆದರು. ನಾನು ಪ್ರೀತಿಸುವುದು ಗೆಳೆಯರನ್ನಷ್ಟೇ, ಜನಾಂಗವನ್ನಲ್ಲ ಅಂತ ಅರೆಂಟ್ ಕೊಟ್ಟ ಉತ್ತರ. 22 ವರ್ಷ ಕಚೇರಿಯಲ್ಲಿ ಫೈಲಿಗೆ ಸಹಿ ಹಾಕಿದವನು ನಾನು. ಕೆಲವಕ್ಕೆ ಓದದೆಯೇ ಹಾಕಿದ್ದೇನೆ. ಆ ಪುಸ್ತಕ ನನ್ನ ನಿದ್ದೆ ಕೆಡಿಸಿತು.

ಮೈಸೂರಿನಿಂದ: ಐಕ್‌ಮನ್ ಯೋಚನೆ ಮಾಡದವನಾ? ಅರ್ಜೆಂಟೀನಾದಲ್ಲಿ ಅಡಗಿದ್ದಾಗ, 1957ರಲ್ಲಿ, ಟೇಪ್ ರೆಕಾರ್ಡರ್ ಮುಂದೆ ಕೂತು ಮಾಡಿದ್ದನ್ನೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಕೋರ್ಟಿನಲ್ಲಿ ಗುಮಾಸ್ತನ ವೇಷ ಹಾಕಿದ. ಅರೆಂಟ್ ನಂಬಿದರು, ನೀವೂ ನಂಬಿದಿರಿ.

ಧಾರವಾಡದಿಂದ: 140 ಪುಟಕ್ಕೆ ಕೈಬಿಟ್ಟವರು ನನಗೆ ಪಾಠ ಹೇಳಬೇಡಿ.

ಮಂಗಳೂರಿನಿಂದ: ಪ್ರಾಗ್‌ನ ಕತೆಗಾರ ಕಾಫ್ಕಾನ ಹೆಸರನ್ನೇ ಇಬ್ಬರೂ ಎತ್ತಲಿಲ್ಲ! ಕಾಲು ಮುರಿದು ಮೂರು ತಿಂಗಳು ಮಲಗಿದ್ದಾಗ, ಅವರ, ಹುಳುವಾಗಿ ಎದ್ದವನ ಕತೆ ಓದಿದೆ. ಬಾಗಿಲಾಚೆ ಮನೆಯವರು ಪಿಸುಗುಟ್ಟುವುದು ನನ್ನ ಮನೆಯದ್ದೇ ಅನಿಸಿತು. ಸತ್ತ ಮೇಲೆ ಎಲ್ಲ ಸುಟ್ಟುಬಿಡು ಅಂತ ಕಾಫ್ಕಾ ಗೆಳೆಯ ಮ್ಯಾಕ್ಸ್ ಬ್ರೋಡ್‌ಗೆ ಹೇಳಿದ್ದರು. ಬ್ರೋಡ್ ಸುಡಲಿಲ್ಲ. 1939ರ ಮಾರ್ಚ್‌ನಲ್ಲಿ ನಾಜಿಗಳು ಪ್ರಾಗ್‌ಗೆ ನುಗ್ಗುವ ಹೊತ್ತಿಗೆ ಹಸ್ತಪ್ರತಿಗಳನ್ನು ಸೂಟ್‌ಕೇಸಿಗೆ ತುಂಬಿ ರೈಲು ಹತ್ತಿದರು. ದೊಡ್ಡ ಮನುಷ್ಯ.

ಹಾಸನದಿಂದ: ಸತ್ತವರ ಮಾತು ಮೀರಿದವರು ದೊಡ್ಡವರು ಹೇಗಾಗ್ತಾರೆ? ನಮ್ಮಪ್ಪ ಡೈರಿಗಳನ್ನು ಸುಡು ಅಂದಿದ್ದರು. ಹನ್ನೊಂದು ಡೈರಿ. ಒಂದನ್ನೂ ಬಿಚ್ಚದೆ ಹಿತ್ತಲ ಒಲೆಗೆ ಹಾಕಿದೆ. ಬ್ರೋಡ್ ಮಾಡಿದ್ದು ಸರಿ ಅಂತ ನನಗೆ ಹೇಳಬೇಡಿ.