ಪರ್ಲ್ ಕೋಡ್ ಅರ್ಥವಾಗದಿದ್ದರೆ ಅದು ಭಾಷೆಯ ದೋಷವೇ?

ಪ್ರಶ್ನೆ:
ಲಾಗ್ ಕಡತಗಳನ್ನು ಸೋಸುವ ಹಳೆಯ ಪರ್ಲ್ ಸ್ಕ್ರಿಪ್ಟ್ ಒಂದು ಕಚೇರಿಯಲ್ಲಿ ನನ್ನ ಪಾಲಿಗೆ ಬಂದಿದೆ. ಬರೆದವರು ಕೆಲಸ ಬಿಟ್ಟಿದ್ದಾರೆ. ಎಲ್ಲಿ ನೋಡಿದರೂ $_, @_, $/ ಇಂಥವೇ. ಪೈಥಾನ್‌ನಲ್ಲಿ ಹೊಸದಾಗಿ ಬರೆಯುವುದೇ ಒಳ್ಳೆಯದಲ್ಲವೇ? ಚಿಹ್ನೆಗಳಲ್ಲೇ ಬರೆಯುವ ಎಪಿಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದಕ್ಕಿಂತಲೂ ದುರ್ಬೋಧ ಎನ್ನುತ್ತಾರೆ, ನಿಜವೇ?

ಉತ್ತರ 1:
ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎಪಿಎಲ್‌ನಲ್ಲಿ ಸರಾಸರಿ ಕಂಡುಹಿಡಿಯಲು (+/÷≢) ಎಂದರೆ ಮುಗಿಯಿತು. +/ ಮೊತ್ತ, ≢ ಎಣಿಕೆ, ನಡುವೆ ಭಾಗಾಕಾರ. ಗಣಿತವನ್ನು ಬರೆಯಲು ಕೆನೆತ್ ಐವರ್ಸನ್ ರೂಪಿಸಿದ ಸಂಕೇತ ಪದ್ಧತಿಯೇ ಮುಂದೆ ಈ ಭಾಷೆಯಾಯಿತು. 1979ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. ಎಪಿಎಲ್ ಬಲದಿಂದ ಎಡಕ್ಕೆ ಲೆಕ್ಕ ಹಾಕುತ್ತದೆ, ಗುಣಾಕಾರಕ್ಕೂ ಆದ್ಯತೆಯಿಲ್ಲ: 3×2+4 ಎಂದರೆ 18. ನಿಯಮ ಅಷ್ಟೇ. ಚಿಹ್ನೆಗಳನ್ನು ಕಲಿತವರಿಗೆ ಎಲ್ಲವೂ ಕಣ್ಣೆದುರಿಗೇ ಇರುತ್ತದೆ.

ಪರ್ಲ್‌ನ ತೊಡಕೇ ಬೇರೆ, ಅಲ್ಲಿ ಬೇಕಾದದ್ದು ಕಾಣುವುದೇ ಇಲ್ಲ. ಬಹಳಷ್ಟು ಫಂಕ್ಷನ್‌ಗಳಿಗೆ ಏನೂ ಕೊಡದಿದ್ದರೆ ಅವು ಸದ್ದಿಲ್ಲದೆ $_ ಎಂಬ ಪೂರ್ವನಿಯೋಜಿತ ಚರಾಕ್ಷರವನ್ನು ಎತ್ತಿಕೊಳ್ಳುತ್ತವೆ. ಅದಕ್ಕಿಂತ ಅಪಾಯಕಾರಿ $/. ಕಡತ ಓದುವಾಗ ಒಂದು ದಾಖಲೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೇಳುವ ಚರಾಕ್ಷರ ಅದು. ಯಾವುದೋ ಮೂಲೆಯ ಫಂಕ್ಷನ್‌ನಲ್ಲಿ ಲೋಕಲ್ (ಬದಲಾವಣೆ ಆ ಫಂಕ್ಷನ್ ಮುಗಿದೊಡನೆ ಹಿಂದಿರುಗಲಿ ಎಂಬ ಸೂಚನೆ) ಎಂದು ಹಾಕದೆ ಅದನ್ನು ಬದಲಾಯಿಸಿದರೆ, ಅದಕ್ಕೆ ಸಂಬಂಧವೇ ಇಲ್ಲದ ಮತ್ತೊಂದು ಕಡೆ ಒಂದು ಸಾಲಿನ ಬದಲು ಇಡೀ ಕಡತ ಒಂದೇ ಏಟಿಗೆ ಒಳಗೆ ಬರಬಹುದು. ಆ ಸಾಲನ್ನು ಎಷ್ಟು ಸಲ ಓದಿದರೂ ಕಾರಣ ಅಲ್ಲಿ ಸಿಗುವುದಿಲ್ಲ. ಓದುಗನಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗೆಂದು ಪರ್ಲ್ ರೂಪಿಸಿದ ಲ್ಯಾರಿ ವಾಲ್ ಅವರನ್ನು ದೂರುವುದು ತರವಲ್ಲ. 1987ರಲ್ಲಿ ಪಠ್ಯ ಸೋಸಿ ವರದಿ ತೆಗೆಯುವ ಕೆಲಸಕ್ಕೆ ಅವರು ಕೊಟ್ಟ ಉಪಕರಣ ಅದ್ಭುತವಾದದ್ದು. ಒಂದು ಸಾಲಿನ ಕೆಲಸಕ್ಕೆ $_ ವರ. ಸಾವಿರ ಸಾಲಿಗೆ ಅದನ್ನೇ ಎಳೆದರೆ ಹಿಂಸೆ.

ಉತ್ತರ 2:
ಹೊಸದಾಗಿ ಬರೆಯುವ ಮೊದಲು ಪರ್ಲ್ ಜೊತೆಗೇ ಬರುವ ಡಿಪಾರ್ಸ್ ಎಂಬ ಉಪಕರಣ ಓಡಿಸಿ ನೋಡಿ. ಪರ್ಲ್ ನಿಮ್ಮ ಕೋಡನ್ನು ಹೇಗೆ ಅರ್ಥ ಮಾಡಿಕೊಂಡಿದೆ ಎಂದು ಅದು ತಿರುಗಿ ಬರೆದು ತೋರಿಸುತ್ತದೆ. ಕೇಳಿದರೆ ಆವರಣಗಳನ್ನೂ ಹಾಕಿಕೊಡುತ್ತದೆ. ಉದ್ದದ ರೆಗೆಕ್ಸ್‌ಗಳಿಗೆ (ಪಠ್ಯದಲ್ಲಿ ಹುಡುಕಬೇಕಾದ ಮಾದರಿಗಳಿಗೆ) ಕೊನೆಯಲ್ಲಿ ಎಕ್ಸ್ (x) ಗುರುತು ಸೇರಿಸಿದರೆ ಒಳಗೆ ಜಾಗ ಬಿಟ್ಟು, ಸಾಲು ಮುರಿದು, ಟಿಪ್ಪಣಿ ಬರೆಯಬಹುದು. ಮೂಲ ರೆಗೆಕ್ಸ್‌ನಲ್ಲಿ ನಿಜವಾದ ಖಾಲಿ ಜಾಗ ಅಥವಾ # ಇದ್ದರೆ ಅವುಗಳ ಹಿಂದೆ \ ಹಾಕುವುದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. $/ ಎಲ್ಲೆಲ್ಲಿ ಬದಲಾಗುತ್ತದೆ ಎಂದು ಮೊದಲು ಹುಡುಕುತ್ತೇನೆ.

ಉತ್ತರ 1:
ಹುಡುಕಿ. ಆದರೆ ಕೋಡಿಗೆ ಕೈ ಹಚ್ಚುವ ಮೊದಲೇ ಈಗಿನ ಸ್ಕ್ರಿಪ್ಟ್ ಕೊಡುವ ವರದಿಯನ್ನು ಎತ್ತಿಡಿ. ಒಂದೊಂದು ತಿದ್ದುಪಡಿಯ ನಂತರವೂ ಅದರೊಡನೆ ಹೋಲಿಸಿ ನೋಡಬೇಕು.